ಕ್ಯಾಂಪಸ್‌ಗೆ ಯಾವ ಕಾಗದ? ಮರುಬಳಕೆಯದು, ಕಬ್ಬಿನ ಸಿಪ್ಪೆಯದು, ಮರದ ತಿರುಳಿನದು

ಮರುಬಳಕೆ ಕಾಗದ ಹಾಕಿದರೆ ಜೆರಾಕ್ಸ್ ಮೆಷಿನ್ ಕೆಡುತ್ತದೆ ಎಂಬ ಮಾತು ವಿಶ್ವವಿದ್ಯಾಲಯಗಳ ಕಚೇರಿಗಳಲ್ಲಿ ಇನ್ನೂ ಓಡಾಡುತ್ತಿದೆ. ಮೂರೂ ಬಗೆಯ 75 ಜಿಎಸ್‌ಎಂ (ಒಂದು ಚದರ ಮೀಟರಿಗೆ 75 ಗ್ರಾಂ ತೂಗುವ) ಎ4 ಕಾಗದವನ್ನು ಒಂದೇ ಲೇಸರ್ ಪ್ರಿಂಟರಿನ ಒಂದೇ ಟ್ರೇಗೆ ಸರದಿಯಂತೆ ಹಾಕಿ ನೋಡಿದರೆ, ಆ ದೂರಿನ ದೊಡ್ಡ ಪಾಲು ಕಾಗದಕ್ಕಲ್ಲ, ಅದನ್ನು ಇಟ್ಟ ಜಾಗಕ್ಕೆ ಸೇರಬೇಕು ಅನ್ನುವುದು ತಿಳಿಯುತ್ತದೆ.

ಹೋಲಿಸುವ ಮುಂಚೆ ತೂಕ ನೋಡಿ. 500 ಹಾಳೆಗಳ 75 ಜಿಎಸ್‌ಎಂ ಎ4 ರೀಮ್, ಹೊದಿಕೆ ಬಿಟ್ಟು, ಸುಮಾರು 2.34 ಕೆಜಿ ತೂಗಬೇಕು. 2.18 ಕೆಜಿ ಬಂದರೆ ಕೈಗೆ ಸಿಕ್ಕಿರುವುದು 70 ಜಿಎಸ್‌ಎಂ ಕಾಗದ, ಇಲ್ಲವೇ ಹಾಳೆ ಕಡಿಮೆ ಇವೆ. ತೆಳು ಕಾಗದವನ್ನು ದಪ್ಪದ್ದರ ಜೊತೆ ಹೋಲಿಸಿ ‘ಮರುಬಳಕೆಯದು ಕಳಪೆ’ ಎಂದು ತೀರ್ಪು ಕೊಡುವುದು ಅನ್ಯಾಯ.

ಮೆಷಿನ್ ಒಳಗೆ ಮರದ ತಿರುಳಿನ ಕಾಗದವೇ ಸಲೀಸು. ಅದರ ನಾರು ಉದ್ದ, ಹಾಳೆ ಬಿಗಿ. ಮರುಬಳಕೆಯಲ್ಲಿ ನಾರು ಪ್ರತಿ ಸುತ್ತಿಗೂ ತುಂಡಾಗುತ್ತಾ ಹೋಗುವುದರಿಂದ ಅಂಚಿನಿಂದ ದೂಳು ಉದುರುತ್ತದೆ. ಹಾಳೆ ಎಳೆಯುವ ರಬ್ಬರ್ ರೋಲರಿಗೆ ಈ ದೂಳು ಮೆತ್ತಿಕೊಂಡರೆ ಅದು ಜಾರಿ, ಹಾಳೆ ಒಳಗೆ ಹೋಗುವುದೇ ಇಲ್ಲ. ಮೆಷಿನ್ ಆರಿಸಿ, ನೂಲು ಬಿಡದ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ ರೋಲರ್ ಒರೆಸಿದರೆ ಸಾಕು. ಮರುಬಳಕೆ ಕಾಗದ ಬಳಸುವ ಕಡೆ ಈ ಕೆಲಸವನ್ನು ಸ್ವಲ್ಪ ಬೇಗ ಬೇಗ ಮಾಡಬೇಕು, ಅಷ್ಟೇ ವ್ಯತ್ಯಾಸ.

ನಿಜವಾದ ಕಾಟ ತೇವದ್ದು. ಕರಾವಳಿ, ಮಲೆನಾಡಿನ ಕ್ಯಾಂಪಸ್‌ಗಳಲ್ಲಿ ಮಳೆಗಾಲದಲ್ಲಿ ಒಡೆದಿಟ್ಟ ರೀಮ್ ಗಾಳಿಯ ತೇವ ಹೀರುತ್ತದೆ. ಟೋನರ್ ಎಂಬ ಶಾಯಿ ಪುಡಿಯನ್ನು ಕರಗಿಸಿ ಅಂಟಿಸುವ ಭಾಗದ ಬಿಸಿ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್. ಆ ಬಿಸಿಗೆ ತೇವ ಒಮ್ಮೆಲೇ ಆರಿ ಹಾಳೆ ಸುರುಳಿಯಾಗುತ್ತದೆ, ಎರಡನೇ ಮಗ್ಗುಲು ಮುದ್ರಿಸಲು ತಿರುಗುವಾಗ ಸಿಕ್ಕಿಕೊಳ್ಳುತ್ತದೆ. ರೀಮ್‌ಗಳನ್ನು ನೆಲದ ಮೇಲಿಡದೆ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಮಲಗಿಸಿ ಇಡಿ. ಆ ದಿನಕ್ಕೆ ಬೇಕಾದಷ್ಟನ್ನೇ ಟ್ರೇಗೆ ತುಂಬಿ, ಉಳಿದದ್ದನ್ನು ಅದೇ ಹೊದಿಕೆಯಲ್ಲಿ ಮಡಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಹೊದಿಕೆಯ ಮೇಲೆ ಬಾಣದ ಗುರುತಿದ್ದರೆ ಅದು ತೋರಿಸುವ ಮಗ್ಗುಲನ್ನೇ ಮೊದಲು ಮುದ್ರಿಸಿ. ಇಷ್ಟಾದ ಮೇಲೂ ಸುರುಳಿಯಾದರೆ ಟ್ರೇಯಲ್ಲಿ ಹಾಳೆಯ ಕಟ್ಟನ್ನು ಮಗುಚಿ ಹಾಕಿ.

ಕಬ್ಬಿನ ಸಿಪ್ಪೆಯ ಕಾಗದ ನಮ್ಮ ಭಾಗಕ್ಕೆ ಹೊಸದಲ್ಲ. ತಮಿಳುನಾಡಿನ ಕರೂರು ಜಿಲ್ಲೆಯ ಕಾಗಿದಪುರಂನಲ್ಲಿ ಅಲ್ಲಿನ ಸರ್ಕಾರ ಸ್ಥಾಪಿಸಿದ ಕಾರ್ಖಾನೆ ಇದಕ್ಕೇ ಹೆಸರಾದದ್ದು. ಹಾಳೆ ನುಣುಪು, ಗರಿಗರಿ, ಅಕ್ಷರ ಚೊಕ್ಕವಾಗಿ ಮೂಡುತ್ತದೆ. ಆದರೆ ಸಿಪ್ಪೆಯ ತಿರುಳಿನ ಪಾಲು ಹೆಚ್ಚಾದಷ್ಟೂ ಹಿಂಬದಿಯ ಅಕ್ಷರ ಮುಂದಕ್ಕೆ ಕಾಣಿಸುತ್ತದೆ. ಇಲ್ಲಿ ಮರುಬಳಕೆಯದೇ ಗೆಲ್ಲುತ್ತದೆ: ಅದರಲ್ಲಿ ಉಳಿದ ಹಳೆಯ ಶಾಯಿಯ ಕಣ ಮತ್ತು ಸಣ್ಣ ನಾರು ಬೆಳಕನ್ನು ತಡೆಯುತ್ತವೆ. ಎರಡೂ ಮಗ್ಗುಲು ಮುದ್ರಿಸುವ ಸುತ್ತೋಲೆ, ಪಾಠದ ಟಿಪ್ಪಣಿ, ಸಭೆಯ ಕಡತಕ್ಕೆ ನಮ್ಮ ಆಯ್ಕೆ ಅದೇ. ತುಸು ಬೂದು ಬಣ್ಣ ಓದುವ ಕಣ್ಣಿಗೂ ಹಿತ.

ಬರೆಯುವ ವಿಷಯಕ್ಕೆ ಬಂದರೆ ಬಾಲ್‌ಪೆನ್‌ಗೆ ಮೂರೂ ಒಂದೇ. ಜೆಲ್ ಪೆನ್ ಮತ್ತು ಶಾಯಿ ಪೆನ್ ಮಾತ್ರ, ಶಾಯಿ ಹೀರದಂತೆ ತಡೆಯುವ ಗಂಜಿ ಸಾಲದ ಮರುಬಳಕೆ ಹಾಳೆಯಲ್ಲಿ ಹರಡುತ್ತವೆ. ಉತ್ತರ ಪತ್ರಿಕೆಗೆ ಕೊಳ್ಳುವ ಮೊದಲು ಒಂದು ಹಾಳೆಯ ಮೇಲೆ ಜೆಲ್ ಪೆನ್ನಿನಲ್ಲಿ ಅಡ್ಡ ಗೆರೆ, ಉದ್ದ ಗೆರೆ ಎಳೆದು, ಅವು ಕೂಡುವ ಕಡೆ ಶಾಯಿ ಹಬ್ಬಿದೆಯೇ, ಹಿಂಬದಿಗೆ ಇಳಿದಿದೆಯೇ ನೋಡಿ. ಸ್ಕ್ಯಾನ್ ಮಾಡಿ ಮೌಲ್ಯಮಾಪನ ಮಾಡುವಲ್ಲಿ ಹಾಳೆಯ ಕಪ್ಪು ಚುಕ್ಕೆಗಳನ್ನೂ ಗಮನಿಸಬೇಕು. ಉತ್ತರದ ಗುರುತನ್ನು ಯಂತ್ರವೇ ಓದುವ ಓಎಂಆರ್ ಹಾಳೆಗಂತೂ ಮರುಬಳಕೆ ಕಾಗದ ಬೇಡವೇ ಬೇಡ: ಚುಕ್ಕೆಯನ್ನು ಯಂತ್ರ ಉತ್ತರದ ಗುರುತೆಂದು ಓದಿದರೆ ವಿದ್ಯಾರ್ಥಿಯ ಅಂಕ ಹೋಗುತ್ತದೆ.

ಪಿಎಚ್‌ಡಿ ಪ್ರಬಂಧದ ಗ್ರಂಥಾಲಯ ಪ್ರತಿ, ಅಂಕಪಟ್ಟಿ ಇಂಥವಕ್ಕೆ ಬಹುಕಾಲ ಬಾಳುವ ಆಮ್ಲರಹಿತ ಕಾಗದವೇ ಬೇಕು. ಹಳೆಯ ಪತ್ರಿಕೆಯ ರದ್ದಿ ಬೆರೆತ ಹಾಳೆಯಲ್ಲಿ ಮರದ ಲಿಗ್ನಿನ್ (ನಾರುಗಳನ್ನು ಬೆಸೆದಿಡುವ ಅಂಟಿನಂಥ ವಸ್ತು) ಉಳಿದಿರುತ್ತದೆ, ಬೆಳಕಿಗೆ ಹಳದಿಯಾಗುತ್ತದೆ. ಹಾಳೆಯ ಅರ್ಧ ಭಾಗವನ್ನು ಪುಸ್ತಕದಿಂದ ಮುಚ್ಚಿ ಬಿಸಿಲು ಬೀಳುವ ಕಿಟಕಿಯಲ್ಲಿ ಒಂದು ವಾರ ಇಟ್ಟರೆ ಗೊತ್ತಾಗುತ್ತದೆ.

ಹೊಸ ಕಾಗದ ಕೊಳ್ಳುವ ಮುಂಚೆ ಕಚೇರಿಯಲ್ಲೇ ಇರುವ ಒಂದು ಮಗ್ಗುಲಿನ ಹಾಳೆಗಳೂ ಸ್ಪರ್ಧೆಯಲ್ಲಿವೆ. ಕರಡು ಪ್ರತಿಗೆ ಅವೇ ಸಾಕು. ಸ್ಟೇಪ್ಲರ್ ಪಿನ್ ಒಂದೂ ಉಳಿಯಬಾರದು, ಹಾಳೆಗೆ ಅಚ್ಚು ಮೂಡಿಸುವ ಡ್ರಮ್ಮಿಗೆ ಗೀರು ಬಿದ್ದರೆ ಉಳಿಸಿದ ಕಾಗದಕ್ಕಿಂತ ಹೆಚ್ಚು ಹಣ ಹೋಗುತ್ತದೆ. ಮಡಿಕೆ ಬಿದ್ದವನ್ನೂ, ವಿದ್ಯಾರ್ಥಿಗಳ ಹೆಸರು ಅಥವಾ ಅಂಕ ಇರುವವನ್ನೂ ಮೊದಲೇ ಬೇರೆ ತೆಗೆದು, ಉಳಿದದ್ದನ್ನು ಒಂದು ಹಳೆಯ ಪ್ರಿಂಟರಿಗೆ ಮೀಸಲಿಡಿ.

ಟೆಂಡರಿನಲ್ಲಿ ಬರೀ ‘ಮರುಬಳಕೆ ಕಾಗದ’ ಎಂದು ಬರೆದರೆ ಏನು ಬೇಕಾದರೂ ಬರಬಹುದು. ಮರುಬಳಕೆಯ ಪಾಲು ಶೇಕಡಾ ಎಷ್ಟು, ಅದರಲ್ಲಿ ಜನ ಬಳಸಿ ಬಿಟ್ಟ ಕಾಗದ ಎಷ್ಟು, ಕಾರ್ಖಾನೆಯ ಕತ್ತರಿಕೆ ಚೂರು ಎಷ್ಟು, ಜಿಎಸ್‌ಎಂ, ಎರಡೂ ಮಗ್ಗುಲು ಲೇಸರ್ ಮುದ್ರಣಕ್ಕೆ ಹೊಂದುವುದು, ಇಷ್ಟನ್ನೂ ನಮೂದಿಸಿ. ಇಡೀ ವರ್ಷದ ಸರಕು ಒಪ್ಪುವ ಮೊದಲು ಎರಡು ರೀಮ್ ತರಿಸಿ, ಕ್ಯಾಂಪಸ್ಸಿನ ಅತಿ ಹಳೆಯ ಮೆಷಿನ್‌ನಲ್ಲಿ ಎರಡೂ ಮಗ್ಗುಲು ಓಡಿಸಿ ನೋಡಿ.