ಕೈಎರಕದ ಸಾಪ್‌ವಿತ್ ಕ್ಯಾಮೆಲ್ ಕಿಟ್: ಅಂಟು ಹಚ್ಚುವ ಮೊದಲು ಇದನ್ನು ಓದಿ

1/48 ಅಳತೆಯ ಸಾಪ್‌ವಿತ್ ಕ್ಯಾಮೆಲ್, ಅಂದರೆ ಮೊದಲ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನವನ್ನು ಚಿಕ್ಕದಾಗಿ ಕಟ್ಟುವ ಮಾದರಿ ಕಿಟ್. ರೆಸಿನ್ (ಎರಡು ದ್ರವ ಬೆರೆಸಿ ಗಟ್ಟಿಯಾಗಿಸುವ ಪ್ಲಾಸ್ಟಿಕ್) ಬಾಡಿ, ರೆಸಿನ್ ರೆಕ್ಕೆ, ವೈಟ್‌ಮೆಟಲ್ (ಬೇಗ ಕರಗುವ ಮೆದು ಮಿಶ್ರಲೋಹ) ಎಂಜಿನ್, ಹಿತ್ತಾಳೆ ತಗಡಿನ ಸೀಟ್‌ಬೆಲ್ಟು. ಎಲ್ಲ ಕೈಯಲ್ಲೇ ಎರಕ ಹೊಯ್ದಿದ್ದು ಅಂತ ಹೇಳಿ, ಕಾರ್ಖಾನೆಯ ಪ್ಲಾಸ್ಟಿಕ್ ಕಿಟ್‌ಗಿಂತ ಎರಡು ಮೂರು ಪಟ್ಟು ಬೆಲೆಗೆ ಇಂಥವನ್ನು ಮಾರುತ್ತಾರೆ. ಅಂಥದ್ದೊಂದನ್ನು ತರಿಸಿ, ಕೊನೆಯವರೆಗೂ ಕಟ್ಟಿ, ಏನೇನು ಕೈಕೊಟ್ಟಿತು ಎಂದು ನೋಡಿಯಾದ ಮೇಲೆ ಈ ಬರಹ. ಮಾರಿದವರ ಹೆಸರು ಹಾಕುತ್ತಿಲ್ಲ. ಸಣ್ಣ ಪ್ರಮಾಣದಲ್ಲಿ ಎರಕ ಹೊಯ್ಯುವ ಯಾರ ಕಿಟ್‌ನಲ್ಲಾದರೂ ಇದೇ ದೋಷಗಳು ಬರಬಹುದು.

ಬಾಡಿ ಚೆನ್ನಾಗಿತ್ತು, ಎಂಜಿನ್ ಇನ್ನೂ ಚೆನ್ನಾಗಿತ್ತು. ಒಂಬತ್ತು ಸಿಲಿಂಡರಿನ ಕ್ಲರ್ಜೆ ರೋಟರಿ ಎಂಜಿನ್ನಿನ ಒಂದೊಂದು ಫಿನ್ ಕೂಡ ಎಣಿಸುವಂತಿತ್ತು. ಕೆಟ್ಟಿದ್ದು ರೆಕ್ಕೆ, ಮತ್ತು ರೆಕ್ಕೆಯನ್ನು ಹಿಡಿದು ನಿಲ್ಲಿಸುವ ಸ್ಟ್ರಟ್, ಚಕ್ರದ ಕಾಲು. ಮೇಲೊಂದು ಕೆಳಗೊಂದು ರೆಕ್ಕೆ ಇರುವ ಬೈಪ್ಲೇನಿನಲ್ಲಿ ಅವೇ ಕೆಟ್ಟರೆ ಉಳಿದದ್ದು ಎಷ್ಟು ಚೆಂದ ಇದ್ದರೂ ಅಷ್ಟೇ.

ಅದರಲ್ಲೂ ಕ್ಯಾಮೆಲ್ ಸುಲಭದ ವಿಮಾನವಲ್ಲ. ನಮ್ಮಲ್ಲಿ ಇದರ ಮೇಲೆ ಆಸೆ ಪಡುವವರು ಬಹಳ. 1917ರಲ್ಲಿ ಬ್ರಿಟನ್ನಿನ 28ನೇ ಸ್ಕ್ವಾಡ್ರನ್ನಿನಲ್ಲಿ ಭಾರತೀಯ ಪೈಲಟ್ ಹರ್ದಿತ್ ಸಿಂಗ್ ಮಲಿಕ್ ಹಾರಿಸಿದ್ದು ಇದನ್ನೇ, ಹಾಗಾಗಿ ಅವರ ವಿಮಾನ ಕಟ್ಟಬೇಕೆಂದೇ ಕಿಟ್ ಹುಡುಕುವವರಿದ್ದಾರೆ. ಆದರೆ ಈ ವಿಮಾನದ ಮೇಲಿನ ರೆಕ್ಕೆ ಮಟ್ಟಸ, ಹಲಗೆಯ ಹಾಗೆ ನೇರ. ಬೇಗ ತಯಾರಿಸಲಿ ಎಂದು ಹಾಗೆ ಇಟ್ಟರು. ಮೇಲೆ ಏರಿಲ್ಲದ ಕೊರತೆ ತುಂಬಲು ಕೆಳರೆಕ್ಕೆಗೆ 5 ಡಿಗ್ರಿ ಏರು ಕೊಟ್ಟರು. ಮುಂದಿನಿಂದ ನೋಡಿದರೆ ಎರಡು ರೆಕ್ಕೆಗಳ ನಡುವಿನ ಅಂತರ ಬಾಡಿಯ ಹತ್ತಿರ ಹೆಚ್ಚು, ತುದಿಗೆ ಹೋಗುತ್ತಾ ಕಮ್ಮಿ. ಕ್ಯಾಮೆಲ್ಲಿನ ಗುರುತೇ ಅದು.

ಈಗ ಲೆಕ್ಕ ನೋಡಿ. ನಿಜವಾದ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 28 ಅಡಿ, 1/48ರಲ್ಲಿ 178 ಮಿ.ಮೀ. ಬಾಡಿಯ ಅಗಲ ಕಳೆದರೆ ಕೆಳರೆಕ್ಕೆಯ ಒಂದು ಬದಿ ಸುಮಾರು 80 ಮಿ.ಮೀ. ಉಳಿಯುತ್ತದೆ. 5 ಡಿಗ್ರಿ ಏರು ಎಂದರೆ ತುದಿ ಬುಡಕ್ಕಿಂತ 7 ಮಿ.ಮೀ. ಎತ್ತರದಲ್ಲಿರಬೇಕು. ಈ ಕಿಟ್‌ನ ಕೆಳರೆಕ್ಕೆ ಅಚ್ಚಿನಿಂದ ತೆಗೆಯುವಾಗಲೇ ಜೋತು, 4 ಮಿ.ಮೀ. ಚಿಲ್ಲರೆಗೆ ನಿಂತಿತ್ತು. ಸ್ಟ್ರಟ್‌ಗಳನ್ನು ಮಾತ್ರ ಸರಿಯಾದ 5 ಡಿಗ್ರಿಗೆ ಲೆಕ್ಕ ಹಾಕಿ ಎರಕ ಹೊಯ್ದಿದ್ದರು. ಪರಿಣಾಮ, ಸ್ಟ್ರಟ್ ನಿಲ್ಲುವ ಜಾಗದಲ್ಲಿ ಸುಮಾರು 2 ಮಿ.ಮೀ. ಎಟುಕುವುದಿಲ್ಲ. ಎಳೆದು ಕೂರಿಸಿದರೆ ಮೇಲಿನ ರೆಕ್ಕೆಯ ಎರಡೂ ತುದಿ ಕೆಳಗೆ ಬಾಗುತ್ತವೆ. ಕ್ಯಾಮೆಲ್ ನೋಡಿ ಗೊತ್ತಿದ್ದವರಿಗೆ ಕೋಣೆಯ ಆಚೆಯಿಂದಲೇ ಕಾಣುವ ತಪ್ಪು ಇದು.

ದೂರು ಕೊಟ್ಟಾಗ ಮಾರಿದವರು ಬೇರೆ ಸ್ಟ್ರಟ್ ಕಳಿಸಿದರು. ಅದೇ ಅಚ್ಚು, ಅದೇ ಉದ್ದ. "ಕೈಕೆಲಸ ಅಂದಮೇಲೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ" ಎಂಬ ಉತ್ತರ ಅದರ ಜೊತೆಗೆ.

ಆದ್ದರಿಂದ ಕವರ್ ಬಿಚ್ಚಿದ ಕೂಡಲೇ ಮಾಡಬೇಕಾದ್ದು ಅಳತೆ. ಸ್ಕೇಲ್ ಇಟ್ಟು ಮೇಲಿನ ರೆಕ್ಕೆ ನೋಡಿ. 178 ಇರಬೇಕಾದಲ್ಲಿ 175, 176 ಬಂದರೆ ಅದು ಬೇರೊಬ್ಬರ ಕಿಟ್‌ನಿಂದ ಅಚ್ಚು ತೆಗೆದು ಹೊಯ್ದ ನಕಲು ಎಂದು ಅನುಮಾನಿಸಬಹುದು, ಯಾಕೆಂದರೆ ರೆಸಿನ್ ಗಟ್ಟಿಯಾಗುವಾಗ ಪ್ರತಿ ಸುತ್ತಿಗೂ ಚೂರು ಕುಗ್ಗುತ್ತದೆ. ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ರೆಕ್ಕೆಯ ಅಗಲ ಸುಮಾರು 28.5 ಬರಬೇಕು. ಆಮೇಲೆ ಬೆರಳಲ್ಲಿ ಒತ್ತಿ ನೋಡಿ. ಎಲ್ಲಾದರೂ ಅಂಟಂಟು, ಇಲ್ಲವೇ ರಬ್ಬರಿನ ಹಾಗೆ ಮೆತ್ತಗಿದ್ದರೆ ಎರಡು ದ್ರವಗಳ ಪ್ರಮಾಣ ತಪ್ಪಿದೆ ಎಂದರ್ಥ. ಅದು ಬಿಸಿಲಿಗಿಟ್ಟರೂ ಗಟ್ಟಿಯಾಗುವುದಿಲ್ಲ, ಬಣ್ಣವನ್ನೂ ಹಿಡಿಯುವುದಿಲ್ಲ. ಆ ಭಾಗ ವಾಪಸ್ ಕಳಿಸಿ. ತೊಳೆಯುವ ಮೊದಲೇ, ಸ್ಕೇಲ್ ಪಕ್ಕದಲ್ಲಿಟ್ಟು ಫೋಟೋ ತೆಗೆದಿಡಿ. ಕತ್ತರಿಸಿದ ಮೇಲೆ ಯಾರೂ ಬದಲಿಸಿ ಕೊಡುವುದಿಲ್ಲ.

ತೊಳೆಯುವುದನ್ನು ಬಿಡುವಂತಿಲ್ಲ. ಅಚ್ಚಿನಿಂದ ಸಲೀಸಾಗಿ ಬರಲೆಂದು ಬಳಿದ ಸಿಲಿಕೋನ್ ಎಣ್ಣೆ ಮೇಲ್ಮೈಯಲ್ಲಿ ಉಳಿದಿರುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್, ಉಗುರುಬೆಚ್ಚಗಿನ ನೀರು, ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಇದನ್ನು ಬಿಟ್ಟರೆ ಬಣ್ಣ ಹಚ್ಚಿದ ದಿನ ಏನೂ ಗೊತ್ತಾಗುವುದಿಲ್ಲ. ಮಾಸ್ಕಿಂಗ್ ಟೇಪ್ ಕೀಳುವಾಗ ಪ್ರೈಮರ್ ಸಮೇತ ಸಿಪ್ಪೆಯಂತೆ ಎದ್ದು ಬರುತ್ತದೆ.

ರೆಸಿನ್ ಉಜ್ಜುವಾಗ ನೀರು ಹಾಕಿಕೊಂಡು ವಾಟರ್ ಪೇಪರಿನಲ್ಲೇ ಉಜ್ಜಿ. ಒಣದಾಗಿ ಉಜ್ಜಿದರೆ ಏಳುವ ಪುಡಿ ಎದೆಗೆ ಒಳ್ಳೆಯದಲ್ಲ. ಫ್ಯಾನ್ ಆರಿಸಿ, ಎನ್95 ಮಾಸ್ಕ್ ಹಾಕಿಕೊಳ್ಳಿ. ವೈಟ್‌ಮೆಟಲ್ಲಿನಲ್ಲಿ ಸೀಸ ಬೆರೆತಿರಬಹುದು. ಅದನ್ನು ಅರದಲ್ಲಿ ಉಜ್ಜಿದ ಪುಡಿ ಊಟದ ಮೇಜಿನ ಮೇಲೆ ಬೀಳಬಾರದು, ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಕಾಫಿ ಲೋಟ ಮುಟ್ಟಬಾರದು.

ಡೊಂಕು ರೆಕ್ಕೆ ನೆಟ್ಟಗೆ ಮಾಡುವ ವಿಧಾನ ಎಲ್ಲರಿಗೂ ಗೊತ್ತು: ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದಾಗ ಸರಿಮಾಡಿ, ತಣ್ಣೀರು ಹಾಕುವುದು. ನೀರು 60ರಿಂದ 70 ಡಿಗ್ರಿ ಸಾಕು, ಕುದಿಯುವ ನೀರು ಬೇಡ. ಇಲ್ಲಿ ಎರಡು ಅಪಾಯ ಇವೆ. ಆ ಕಾಲದ ರೆಕ್ಕೆ ಚಪ್ಪಟೆಯಲ್ಲ, ಅಡಿಭಾಗ ಸ್ವಲ್ಪ ಒಳಕ್ಕೆ ಬಾಗಿರುತ್ತದೆ. ಬಿಸಿಯಿದ್ದಾಗ ಗ್ರಾನೈಟ್ ಕಟ್ಟೆಯ ಮೇಲಿಟ್ಟು ಪುಸ್ತಕ ಹೇರಿದರೆ ಆ ಬಾಗು ಹೊರಟೇಹೋಗುತ್ತದೆ, ಮತ್ತೆ ತರಲಾಗುವುದಿಲ್ಲ. ಮುಂದಿನ ಅಂಚು, ಹಿಂದಿನ ಅಂಚು ಎರಡನ್ನೇ ಹಿಡಿದು ಉದ್ದಕ್ಕೆ ಮಾತ್ರ ನೇರ ಮಾಡಿ. ಎರಡನೆಯದು, ರೆಸಿನ್‌ಗೆ ಹಳೆಯ ಆಕಾರದ ನೆನಪಿರುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿಗೆ, ಅಥವಾ ಎಲ್ಲೇ ಆಗಲಿ ನಿಲ್ಲಿಸಿದ ಕಾರಿನೊಳಗೆ, ಅದು ಮೆಲ್ಲಗೆ ತನ್ನ ಡೊಂಕಿಗೇ ಮರಳುತ್ತದೆ.

ಇದಕ್ಕೆ ಒಂದೇ ಮದ್ದು, ಒಳಗೆ ಉಕ್ಕಿನ ತಂತಿ. ರೆಕ್ಕೆಯ ದಪ್ಪ ಹೆಚ್ಚೆಂದರೆ 2 ಮಿ.ಮೀ. ಇರುತ್ತದೆ. ಅಡಿಭಾಗದಲ್ಲಿ, ಮುಂದಿನ ಅಂಚಿನಿಂದ ಸುಮಾರು 5 ಮಿ.ಮೀ. ಹಿಂದೆ ಒಂದು, ಹಿಂದಿನ ಸ್ಟ್ರಟ್‌ಗಳ ಸಾಲಿನ ಪಕ್ಕದಲ್ಲಿ ಇನ್ನೊಂದು, ಹೀಗೆ ಎರಡು ಗೀರು ಕೊರೆದು, 0.5 ಮಿ.ಮೀ. ಉಕ್ಕಿನ ತಂತಿ ಕೂರಿಸಿ, ನಿಧಾನದ ಎಪಾಕ್ಸಿ ತುಂಬಿ ಉಜ್ಜಿ. ವಾದ್ಯದ ಅಂಗಡಿಯಲ್ಲಿ ಸಿಗುವ ಸುತ್ತಿಲ್ಲದ ಗಿಟಾರ್ ತಂತಿಯಾದರೂ ಆದೀತು, ಆದರೆ ಸುರುಳಿ ಬಿಡಿಸಿ ಪೂರ್ತಿ ನೇರ ಮಾಡಿಕೊಳ್ಳಬೇಕು. ಸ್ಟ್ರಟ್ ತೂತು ಬೀಳುವ ಜಾಗ ಬಿಟ್ಟು ಗೀರು ಎಳೆಯಿರಿ. ತಂತಿಗೆ ಸಿಕ್ಕಿದ ಡ್ರಿಲ್ ಬಿಟ್ ಅಲ್ಲೇ ಮುರಿಯುತ್ತದೆ.

ಸ್ಟ್ರಟ್ ಒಟ್ಟು ಎಂಟು. ಬಾಡಿಯ ಮೇಲೆ ನಾಲ್ಕು ಗಿಡ್ಡವು, ರೆಕ್ಕೆಗಳ ನಡುವೆ ಬದಿಗೆ ಎರಡರಂತೆ ನಾಲ್ಕು ಉದ್ದನೆಯವು. ಕಿಟ್‌ನ ರೆಸಿನ್ ಸ್ಟ್ರಟ್ ಎಂಟನ್ನೂ ಅಳತೆಗೆ ಮಾತ್ರ ಇಟ್ಟುಕೊಳ್ಳಿ, ಅದೂ ವಿಮಾನದ ಅಳತೆಯ ರೇಖಾಚಿತ್ರದ ಜೊತೆ ಹೋಲಿಸಿ. ಇದರಲ್ಲಿ ಆದದ್ದು ಹೀಗೆ: ರೆಕ್ಕೆಗಳ ನಡುವಿನ ತಂತಿಗಳ ಬದಲಿಗೆ ಕಟ್ಟುವ ದಾರ ಬಿಗಿದ ಸ್ವಲ್ಪ ಹೊತ್ತಿಗೆ ಎಡಗಡೆಯ ಹಿಂದಿನ ಸ್ಟ್ರಟ್ ನಡುವೆ ಬಳುಕಿತು. ಮೇಲಿನ ಕಂದು ಬಣ್ಣದಲ್ಲಿ ಅಡ್ಡಕ್ಕೆ ಕೂದಲೆಳೆಯಂಥ ಬಿರುಕು ಕಂಡಿತು. ಮುಟ್ಟದೆಯೇ ಬಿಟ್ಟರೂ ಅದೇ ಬಿರುಕಿನಲ್ಲಿ ಮುರಿಯಿತು. ಮುರಿದ ಬಾಯಿ ನೋಡಿದರೆ ಒಳಗೆ ಸೂಜಿಮೊನೆಯಷ್ಟು ಗಾಳಿಗುಳ್ಳೆ. ಒಂದು ಮಿಲಿಮೀಟರ್ ಚಿಲ್ಲರೆ ಅಗಲದ ಕಡ್ಡಿಯಲ್ಲಿ ಅಷ್ಟು ಗುಳ್ಳೆ ಇದ್ದರೆ ಉಳಿಯುವುದಾದರೂ ಏನು?

ಬಾಡಿಯ ಮೇಲಿನ ನಾಲ್ಕನ್ನು ಹಿತ್ತಾಳೆಯಲ್ಲೇ ಮಾಡಿ. 0.8 ಮಿ.ಮೀ. ಹಿತ್ತಾಳೆ ತಂತಿಯನ್ನು ಒಲೆಯ ಉರಿಯಲ್ಲಿ ಕೆಂಪಗೆ ಕಾಯಿಸಿ ಆರಲು ಬಿಟ್ಟರೆ ಮೆದುವಾಗುತ್ತದೆ. ಅದನ್ನು ಕಬ್ಬಿಣದ ದಿಮ್ಮಿಯ ಮೇಲಿಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಚಪ್ಪಟೆ ಮಾಡಿ, ಅರದಲ್ಲಿ ಅಂಚು ದುಂಡಗೆ ಮಾಡಿ, ಎರಡೂ ತುದಿಯಲ್ಲಿ 1 ಮಿ.ಮೀ. ಉದ್ದದ ಮೊಳೆಯಂತೆ ಬಿಡಿ. ಉದ್ದನೆಯ ನಾಲ್ಕಕ್ಕೆ ಬಿದಿರು ಒಳ್ಳೆಯದು. ಬಿದಿರುಕಡ್ಡಿಯ ಹೊರಸಿಪ್ಪೆಯ ಕಡೆಯ ಭಾಗದಲ್ಲಿ ನಾರು ಒತ್ತಾಗಿರುತ್ತದೆ, ಅದನ್ನೇ ಸೀಳಿಕೊಂಡು ಉಪ್ಪುಕಾಗದದಲ್ಲಿ ಉಜ್ಜಿ ಮೊಟ್ಟೆಯಾಕಾರದ ಅಡ್ಡಕೊಯ್ತಕ್ಕೆ ತನ್ನಿ. ನಿಜವಾದ ಸ್ಟ್ರಟ್ ಕೂಡ ಮರದ್ದೇ, ಹಾಗಾಗಿ ಬಣ್ಣದ ಬದಲು ತೆಳ್ಳಗೆ ವಾರ್ನಿಷ್ ಹೊಡೆದರೆ ಸಹಜವಾಗಿ ಕಾಣುತ್ತದೆ. ರೆಕ್ಕೆಯಲ್ಲಿ ಇವುಗಳ ತೂತು 0.5 ಮಿ.ಮೀ., ದಾರದ ತೂತು 0.3 ಮಿ.ಮೀ. ಎಲ್ಲ ತೂತನ್ನೂ ಬಣ್ಣಕ್ಕೆ ಮೊದಲೇ ಕೊರೆಯಿರಿ. ರೆಕ್ಕೆ ಜೋಡಿಸಿದ ಮೇಲೆ ನಡುವೆ ಡ್ರಿಲ್ ಹೋಗುವುದಿಲ್ಲ.

ಜೋಡಣೆಗೆ ಜಿಗ್, ಅಂದರೆ ಭಾಗಗಳನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಚೌಕಟ್ಟು, ಇಲ್ಲದೆ ಕೈ ಹಾಕಲೇಬೇಡಿ. 5 ಮಿ.ಮೀ. ಸನ್‌ಬೋರ್ಡ್ ಸಾಕು. ಬಾಡಿಗೆ ಒಂದು ತೊಟ್ಟಿಲು, ಕೆಳರೆಕ್ಕೆಯ ತುದಿಗಳಿಗೆ ಬುಡಕ್ಕಿಂತ ಸರಿಯಾಗಿ 7 ಮಿ.ಮೀ. ಎತ್ತರದ ದಿಂಬು, ಮೇಲಿನ ರೆಕ್ಕೆಯನ್ನು ಮಟ್ಟಸವಾಗಿ ಹಿಡಿಯಲು ಎರಡು ಗೋಡೆ. ಮೇಲಿನ ರೆಕ್ಕೆ ಕೆಳಗಿನದಕ್ಕಿಂತ ಎಷ್ಟು ಮುಂದಿದೆ ಎಂಬುದನ್ನೂ ರೇಖಾಚಿತ್ರದಿಂದಲೇ ಎತ್ತಿ ಗೋಡೆಯ ಮೇಲೆ ಗೆರೆ ಹಾಕಿ. ಮೊದಲು ಕೆಳರೆಕ್ಕೆ, ಅದು ಪೂರ್ತಿ ಗಟ್ಟಿಯಾದ ಮೇಲೆ ಬಾಡಿಯ ಮೇಲಿನ ನಾಲ್ಕು ಹಿತ್ತಾಳೆ ಸ್ಟ್ರಟ್, ಆಮೇಲೆ ಮೇಲಿನ ರೆಕ್ಕೆ, ಹೊರಗಿನ ನಾಲ್ಕು ಕಡೆಗೆ. ಹೊರಗಿನವನ್ನು ಜಿಗ್‌ನಲ್ಲಿ ಕೂತ ರೆಕ್ಕೆಗಳ ನಡುವೆ ಡಿವೈಡರಿನಲ್ಲಿ ಅಳೆದು ಒಂದೊಂದಾಗಿ ಕತ್ತರಿಸಿ. ಕಿಟ್‌ನ ಸೂಚನೆ ಹಾಳೆಯಲ್ಲಿ ಹೊರಗಿನವನ್ನು ಮೊದಲು ಕೆಳರೆಕ್ಕೆಗೆ ಅಂಟಿಸಲು ಹೇಳಿತ್ತು. ಹಾಗೆ ಮಾಡಿದರೆ ಒಂದೇ ಸಲಕ್ಕೆ ಎಂಟು ತುದಿ ಎಂಟು ತೂತಿಗೆ ಸೇರಬೇಕು. ಆಗದ ಮಾತು ಬಿಡಿ.

ಅಂಟಿನ ವಿಷಯ. ಪ್ಲಾಸ್ಟಿಕ್ ಕಿಟ್‌ನ ಸಿಮೆಂಟ್ ರೆಸಿನ್ ಮೇಲೆ ಕೆಲಸ ಮಾಡುವುದಿಲ್ಲ, ಅದು ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುವಂಥದ್ದು. ಸೂಪರ್ ಗ್ಲೂ ಹಿಡಿಯುತ್ತದೆ, ಆದರೆ ಕ್ಷಣದಲ್ಲಿ ಗಟ್ಟಿಯಾಗಿ ತಿದ್ದಲು ಸಮಯ ಕೊಡುವುದಿಲ್ಲ, ಪಕ್ಕದಿಂದ ಪೆಟ್ಟು ಬಿದ್ದರೆ ಗಾಜಿನಂತೆ ಬಿಟ್ಟುಕೊಳ್ಳುತ್ತದೆ. ಸ್ಟ್ರಟ್‌ಗಳಿಗೆಲ್ಲ ನಿಧಾನದ ಎಪಾಕ್ಸಿಯೇ ಸರಿ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಸೂಪರ್ ಗ್ಲೂ ಆವಿ ಗಾಳಿಯ ತೇವದ ಜೊತೆ ಸೇರಿ ಸುತ್ತಲೂ ಬಿಳಿ ಮಂಜು ಕಟ್ಟುತ್ತದೆ. ಮಾದರಿಯನ್ನು ಕೂಡಲೇ ಡಬ್ಬಿಯೊಳಗೆ ಮುಚ್ಚಿಟ್ಟರೆ ವಿಂಡ್‌ಸ್ಕ್ರೀನ್ ಮಸುಕಾದಂತೆಯೇ. ವಿಂಡ್‌ಸ್ಕ್ರೀನಿಗೆ ಬಿಳಿ ಫೆವಿಕಾಲ್ ಸಾಕು.

ಚಕ್ರದ ಕಾಲುಗಳು ಇದರಲ್ಲಿ ವೈಟ್‌ಮೆಟಲ್. ಮೇಲೆ ಘನ ರೆಸಿನ್ ಬಾಡಿ, ಮೂತಿಯಲ್ಲಿ ಲೋಹದ ಎಂಜಿನ್. ಆ ಭಾರಕ್ಕೆ ಮೆದು ಲೋಹದ ವಿ ಆಕಾರದ ಕಾಲು ಕಪಾಟಿನಲ್ಲಿ ಇಟ್ಟಲ್ಲೇ ಅಗಲವಾಗುತ್ತಾ ಹೋಯಿತು. ಹಿತ್ತಾಳೆ ತಂತಿಯಲ್ಲಿ ಬೆಸೆದು ಹೊಸದು ಮಾಡಿ. ಮಾಡುವಾಗ ಇನ್ನೊಂದನ್ನೂ ಸರಿಪಡಿಸಿಕೊಳ್ಳಬಹುದು: ಕ್ಯಾಮೆಲ್ಲಿನ ಆಕ್ಸಲ್ ಒಂದೇ ಸರಳಲ್ಲ, ನಡುವೆ ಕೀಲಿರುವ ಎರಡು ತುಂಡು. ಕಿಟ್ ಒಂದೇ ಸರಳು ಕೊಟ್ಟಿತ್ತು. ವೈಟ್‌ಮೆಟಲ್ಲಿನ ಹತ್ತಿರ ಮಾಮೂಲಿ ಸೋಲ್ಡರ್ ಐರನ್ ತರಬೇಡಿ, ಭಾಗವೇ ಕರಗಿ ಹನಿಯಾಗುತ್ತದೆ.

ಕಿಟ್ ಜೊತೆ ಬಂದ ನೈಲಾನ್ ದಾರವನ್ನೂ ಪಕ್ಕಕ್ಕಿಡಿ. ಊದುಬತ್ತಿಯ ಕೆಂಡವನ್ನು ಹತ್ತಿರ ಹಿಡಿದರೆ ಅದು ಬಿಗಿಯಾಗುವುದು ನಿಜ, ನೋಡಲೂ ಖುಷಿ. ಆದರೆ ನೈಲಾನ್ ತೇವ ಹೀರಿ ಉದ್ದವಾಗುತ್ತದೆ. ಬೇಸಿಗೆಯಲ್ಲಿ ಬಿಗಿದದ್ದು ಜುಲೈಗೆ ಜೋಲುತ್ತದೆ, ಮಳೆಗಾಲದಲ್ಲಿ ಬಿಗಿದದ್ದು ಬೇಸಿಗೆಗೆ ರೆಕ್ಕೆಯನ್ನೇ ಎಳೆಯುತ್ತದೆ. ಹಿಗ್ಗುವ ಲೈಕ್ರಾ ಎಳೆ ರೆಕ್ಕೆಯ ಮೇಲೆ ಭಾರ ಹಾಕುವುದಿಲ್ಲ. ಇನ್ನೂ ಒಳ್ಳೆಯದು 0.1 ಮಿ.ಮೀ. ಸ್ಟೀಲ್ ತಂತಿಯನ್ನು ಡಿವೈಡರಿನಲ್ಲಿ ಅಳೆದು ಕತ್ತರಿಸಿ, ಚಿಮಟದಲ್ಲಿ ಎತ್ತಿ ಎರಡು ತುದಿಗೂ ಫೆವಿಕಾಲ್ ಚುಕ್ಕೆ ಕೊಟ್ಟು ಕೂರಿಸುವುದು. ಬ್ರಿಟಿಷ್ ವಿಮಾನಗಳಲ್ಲಿ ಇದ್ದದ್ದು ಹೆಣೆದ ಕೇಬಲ್ ಅಲ್ಲ, ಗಾಳಿಗೆ ಅಂಚು ಕೊಟ್ಟ ಚಪ್ಪಟೆ ತಂತಿ. ನೇರ ಸ್ಟೀಲ್ ತಂತಿ ಅದಕ್ಕೆ ಹೊಂದುತ್ತದೆ.

ಮುರಿದ ಭಾಗವನ್ನು ಮನೆಯಲ್ಲೇ ಎರಕ ಹೊಯ್ಯೋಣ ಅನ್ನುವವರಿಗೆ ಒಂದು ಮಾತು. ಪಾಲಿಯುರೆಥೇನ್ ರೆಸಿನ್ನಿನ ಐಸೋಸಯನೇಟ್ ಭಾಗ ನೀರಿನ ಅಂಶ ತಾಗಿದರೆ ಇಂಗಾಲದ ಡೈಆಕ್ಸೈಡ್ ಬಿಟ್ಟು ನೊರೆಯೇಳುತ್ತದೆ. ಆ ಸ್ಟ್ರಟ್ಟಿನ ಗುಳ್ಳೆಯೂ ಹಾಗೆ ಆಗಿದ್ದರೆ ಆಶ್ಚರ್ಯವಿಲ್ಲ. ಮಳೆಗಾಲದಲ್ಲಿ ಮುಚ್ಚಳ ತೆಗೆದಿಟ್ಟ ಬಾಟಲಿ ಕೆಟ್ಟಂತೆಯೇ. ಅದರ ಆವಿ ಉಸಿರಾಟದ ತೊಂದರೆಯನ್ನೂ ತರುತ್ತದೆ, ಅಸ್ತಮಾ ಇದ್ದವರಂತೂ ದೂರವಿರಿ.

ಡೆಕಲ್, ಅಂದರೆ ಮೈಮೇಲೆ ಅಂಟಿಸುವ ಗುರುತುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಳೆಯಲ್ಲಿ ಬಿಳಿ ಶಾಯಿ ಇದೆಯೇ ನೋಡಿ. ಇಲ್ಲದಿದ್ದರೆ ಆ ಕಾಲದ ಬ್ರಿಟಿಷ್ ವಿಮಾನಗಳ ಕಂದು ಹಸಿರಿನ ಪಿಸಿ10 ಬಣ್ಣದ ಮೇಲೆ ರೌಂಡೆಲ್ಲಿನ (ದುಂಡನೆಯ ದೇಶದ ಗುರುತಿನ) ಬಿಳಿ ಉಂಗುರ ಮಾಯ.

ಇಷ್ಟೆಲ್ಲ ಬೇಡ, ಕ್ಯಾಮೆಲ್ ಬೇಕು ಅಷ್ಟೇ ಅನ್ನುವವರು ಇದೇ ಅಳತೆಯ ಎಡುವಾರ್ಡ್ (Eduard) ಕಂಪನಿಯ ಪ್ಲಾಸ್ಟಿಕ್ ಕಿಟ್ ಹುಡುಕಿ. ಕೈಎರಕದ್ದೇ ಬೇಕೆಂದರೆ ದುಡ್ಡು ಹಾಕುವ ಮೊದಲು ಮಾರುವವರಿಂದ ಇಷ್ಟು ಕೇಳಿ ಪಡೆಯಿರಿ: ಸ್ಕೇಲ್ ಪಕ್ಕದಲ್ಲಿಟ್ಟ ಮೇಲಿನ ರೆಕ್ಕೆಯ ಫೋಟೋ, ಗಾಜಿನ ಮೇಲಿಟ್ಟ ಕೆಳರೆಕ್ಕೆಯನ್ನು ಎದುರಿನಿಂದ ತೆಗೆದ ಫೋಟೋ, ಸ್ಟ್ರಟ್ ಒಳಗೆ ತಂತಿ ಇದೆಯೋ ಇಲ್ಲವೋ, ಭಾಗ ಡೊಂಕಿದ್ದರೆ ಬದಲಿ ಬರುವುದು ಬೇರೆ ಅಚ್ಚಿನಿಂದಲೋ ಅದೇ ಅಚ್ಚಿನಿಂದಲೋ.