ಲೋಕಲ್‌ನ ನಾಲ್ಕನೇ ಸೀಟು: ಡೊಂಬಿವಲಿಯಿಂದ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್)ವರೆಗೆ

ಮುಂಬೈ ಲೋಕಲ್‌ನ ಸೆಕೆಂಡ್ ಕ್ಲಾಸ್ ಬೆಂಚು ಮಾಡಿದ್ದು ಮೂವರಿಗೆ, ಕೂರುವುದು ನಾಲ್ವರು. ಆ ನಾಲ್ಕನೆಯವಳು ವರ್ಷಗಳಿಂದ ಹೆಚ್ಚಾಗಿ ನಾನೇ. ಕೆಲವೇ ನಿಲ್ದಾಣಗಳಲ್ಲಿ ನಿಲ್ಲುವ ಬೆಳಗಿನ ಫಾಸ್ಟ್ ಲೋಕಲ್ ನಮ್ಮ ಉಪನಗರ ಡೊಂಬಿವಲಿಗೆ ಬರುವಾಗಲೇ ಮಹಿಳಾ ಡಬ್ಬ ತುಂಬಿರುತ್ತದೆ. ಅದಕ್ಕಿಂತ ಒಳ್ಳೆಯ ಜಾಗ ಸಿಗುವುದು ಅಪರೂಪ.

ನಾಲ್ಕನೇ ಸೀಟೆಂದರೆ ಅರ್ಧ ಮೈ ಬೆಂಚಿನ ಮೇಲೆ, ಉಳಿದರ್ಧ ಓಡಾಡುವ ದಾರಿಯಲ್ಲಿ. ಹೊರಗಿನ ಕಾಲೇ ಮೈಭಾರ ಹೊರಬೇಕು. ಬ್ರೇಕ್ ಬಿದ್ದಾಗಲೆಲ್ಲ ಕಾಲ್ಬೆರಳುಗಳು ಚಪ್ಪಲಿಯನ್ನು ಕಚ್ಚಿ ಹಿಡಿಯುತ್ತವೆ. ಬೆನ್ನಿಗೆ ಅರ್ಧವೇ ಆಸರೆ. ಸೊಂಟ ಓರೆಯಾಗಿ, ಥಾಣೆ ದಾಟುವಷ್ಟರಲ್ಲಿ ತೊಡೆ ಜೋಮು ಹಿಡಿಯುತ್ತದೆ. ಬೋಗಿಯೇನೂ ಕಿರಿದಲ್ಲ: 3.66 ಮೀಟರ್ ಅಗಲ, ದೂರದೂರಿನ ಗಾಡಿಗಳಿಗಿಂತ ಹೆಚ್ಚು. ಬೆಂಚನ್ನು ಇನ್ನೊಂದು ಗೇಣು ಉದ್ದ ಮಾಡಬಹುದಿತ್ತೆಂದು ಮೊದಲೆಲ್ಲ ಸಿಟ್ಟು ಬರುತ್ತಿತ್ತು. ಆದರೆ ಆ ಗೇಣು ಹೋಗುವುದು ನಿಂತವರ ಪಾಲಿನಿಂದ, ಮತ್ತು ನಿಂತವರೇ ಹೆಚ್ಚು.

ಹಾಗಿದ್ದೂ ಈ ಡಬ್ಬವನ್ನು ಬಿಡಲು ಮನಸ್ಸಿಲ್ಲ. ಹತ್ತಿದ ಕೂಡಲೇ ಕಿಟಕಿ ಕಡೆಯಿಂದ ಒಬ್ಬೊಬ್ಬರನ್ನೂ “ಕುಠೇ ಉತರಣಾರ?” (ಎಲ್ಲಿ ಇಳಿಯುತ್ತೀರಿ?) ಎಂದು ಮರಾಠಿಯಲ್ಲಿ ಕೇಳುತ್ತೇವೆ. ಘಾಟ್ಕೋಪರ್ ಎಂದವಳ ಸೀಟು ಆ ಕ್ಷಣದಿಂದ ಕೇಳಿದವಳದ್ದು. ಚೀಟಿಯಿಲ್ಲ, ಸಾಕ್ಷಿಯಿಲ್ಲ, ಆದರೂ ಎದ್ದವಳು ಇನ್ನೊಬ್ಬರನ್ನು ತಡೆದು, ತಾನು ಮಾತು ಕೊಟ್ಟವಳನ್ನೇ ಕೂರಿಸಿ ಹೋಗುತ್ತಾಳೆ. 2014ರಲ್ಲಿ ಘಾಟ್ಕೋಪರ್‌ಗೆ ಮೆಟ್ರೊ ಬಂದ ಮೇಲೆ, ಅಂಧೇರಿ ಕಡೆಗೆ ಹೋಗುವವರು ಅದನ್ನು ಹಿಡಿಯಲು ಅಲ್ಲೇ ಇಳಿಯುವುದರಿಂದ ನನ್ನಂಥವರಿಗೆ ಅನುಕೂಲವಾಗಿದೆ. ಒಳಗೆ ಸರಿದು, ಎರಡೂ ಪಾದ ಊರಿ, ಬೆನ್ನನ್ನು ಪೂರ್ತಿ ಆನಿಸಿದಾಗ ಆಗುವ ಸುಖವನ್ನು ಯಾವ ಮೆತ್ತನೆಯ ಸೋಫಾವೂ ನನಗೆ ಕೊಟ್ಟಿಲ್ಲ. ಗಾಳಿಗೆ ಮುಖ ಮಾಡಿದ ಕಿಟಕಿಯೇ ಸಿಕ್ಕರೆ ಕುರ್ಲಾದಿಂದ ದಾದರ್‌ವರೆಗೆ ಕಣ್ಣು ಮುಚ್ಚಿ ಕೂರುತ್ತೇನೆ. ಕೆಲವು ದಿನ, ಕುಳಿತವರು ತಾವಾಗಿಯೇ ಎದ್ದು, ಡೊಂಬಿವಲಿಯಿಂದ ನಿಂತೇ ಬಂದವರಿಗೆ ಜಾಗ ಬಿಡುತ್ತಾರೆ. ನಾನೂ ಬಿಡುತ್ತೇನೆ.

ಫಸ್ಟ್ ಕ್ಲಾಸ್‌ಗೆ ಹೋಗಬಾರದೇ ಎಂದು ಮನೆಯಲ್ಲಿ ಕೇಳುತ್ತಾರೆ. 2022ರ ಮೇ ತಿಂಗಳಲ್ಲಿ ಅದರ ಬಿಡಿ ಟಿಕೆಟ್ ಅರ್ಧ ದರಕ್ಕೆ ಇಳಿಯಿತು, ಮಾಸಿಕ ಪಾಸ್ ಇಳಿಯಲಿಲ್ಲ. ದಿನವೂ ಓಡಾಡುವವಳಿಗೆ ಬೇಕಾದದ್ದು ಪಾಸ್. ಸೆಕೆಂಡ್ ಕ್ಲಾಸ್ ಪಾಸಿನ ಹಲವು ಪಟ್ಟು ತೆತ್ತು ಮೆತ್ತೆ ಕೊಳ್ಳುವಷ್ಟು ನನ್ನ ಸಂಬಳವಿಲ್ಲ.

ಹೊಸದಾಗಿ ಈ ದಾರಿ ಹಿಡಿಯುವವರಿಗೆ ಹೇಳುವುದಿಷ್ಟು: ಮೊಣಕಾಲು ನೋವಿದ್ದರೆ ನಾಲ್ಕನೇ ಸೀಟಿಗೆ ಕೈ ಹಾಕಬೇಡಿ, ಬೆಂಚುಗಳ ನಡುವೆ ಒಳಗೆ ಹೋಗಿ ನಿಲ್ಲಿ. ಯಾರೆಲ್ಲಿ ಇಳಿಯುತ್ತಾರೆಂದು ಮೊದಲು ಕೇಳುವ ಅವಕಾಶ ಅಲ್ಲಿ ನಿಂತವರಿಗೇ.