ಹಳೇ ಹೆಡ್ ಬೋಲ್ಟಾ ಹೊಸದಾ? ಕಾಂಪೊಸಿಟ್ ಗ್ಯಾಸ್ಕೆಟ್ಟಾ ಸ್ಟೀಲಾ? ಹಾಕಿ ನೋಡಿದ ಲೆಕ್ಕ

ಗಂಗಾವತಿ, ಕಾರಟಗಿ, ಸಿಂಧನೂರು ಸಾಲಿನಲ್ಲಿ ಹೆಡ್ ಗ್ಯಾಸ್ಕೆಟ್ ಹೋಗುವುದಕ್ಕೂ ಒಂದು ಸೀಸನ್ ಇದೆ. ಇಂಜಿನ್ನಿನ ಮೇಲಿನ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ಮಧ್ಯೆ ಕೂತು ಸೋರದಂತೆ ತಡೆಯುವ ಹಾಳೆಯೇ ಈ ಗ್ಯಾಸ್ಕೆಟ್, ಹೆಡ್ಡನ್ನು ಬ್ಲಾಕಿಗೆ ಬಿಗಿಯುವುದು ಹೆಡ್ ಬೋಲ್ಟು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರು ಅಂದರೆ ಟ್ರ್ಯಾಕ್ಟರುಗಳು ಕೇಜ್ ವೀಲ್ ಹಾಕಿಕೊಂಡು ಹಗಲೂ ರಾತ್ರಿ ಕೆಸರಲ್ಲೇ ಇರುತ್ತವೆ. ರೇಡಿಯೇಟರಿಗೆ ಹೊರಗಿಂದ ಕೆಸರು ಮೆತ್ತುತ್ತದೆ, ಒಳಗೆ ಬೋರ್ ನೀರಿನ ಸುಣ್ಣ ಕಟ್ಟಿರುತ್ತದೆ. ಭತ್ತ ಕೊಯ್ಯುವಾಗ ಕೆಸರಿನ ಜಾಗಕ್ಕೆ ಹೊಟ್ಟು ಬರುತ್ತದೆ. ಬೇಸಿಗೆ ಬೆಳೆಗೆ 40 ಡಿಗ್ರಿ ದಾಟಿದ ಬಿಸಿಲು ಬೇರೆ. ಇಂಜಿನ್ ಒಮ್ಮೆ ಕುದಿಯಿತು ಅಂದರೆ ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಬೆಳ್ಳಗೆ ಕಲಕಿರುತ್ತದೆ, ರೇಡಿಯೇಟರ್ ಮುಚ್ಚಳ ತೆಗೆದರೆ ಗುಳ್ಳೆ ಏಳುತ್ತವೆ. ಆಗ ಹೆಡ್ ಇಳಿಸದೆ ಬೇರೆ ದಾರಿ ಇಲ್ಲ.

ಇಳಿಸಿದ ಮೇಲೆ ಎಲ್ಲರದೂ ಒಂದೇ ಮಾತು. "ಹಳೇ ಬೋಲ್ಟ್ ಗಟ್ಟಿ ಅದಾವಲ್ಲಣ್ಣ, ಸುಮ್ನೆ ಯಾಕ ರೊಕ್ಕ?" ಗ್ಯಾಸ್ಕೆಟ್ ವಿಷಯದಲ್ಲಿ ಮಾತು ಉಲ್ಟಾ. "ದುಬಾರಿದೇ ಹಾಕ್ರಿ, ಇನ್ನೊಮ್ಮೆ ಬಿಚ್ಚೋದು ಬ್ಯಾಡ." ಎರಡೂ ಅರ್ಧ ಸರಿ. ಹಳೇ ಬೋಲ್ಟು, ಹೊಸ ಬೋಲ್ಟು, ಕಾಂಪೊಸಿಟ್, ಸ್ಟೀಲ್ ಎಲ್ಲವನ್ನೂ ಟ್ರ್ಯಾಕ್ಟರಿಗೂ ಪಿಕಪ್ಪಿಗೂ ಹಾಕಿ, ಓಡಿಸಿ, ಮತ್ತೆ ಬಿಚ್ಚಿ ನೋಡಿದ್ದೇನೆ. ಬೋಲ್ಟಿನ ತೀರ್ಮಾನ ಅದನ್ನು ಬಿಗಿ ಮಾಡುವ ರೀತಿಯ ಮೇಲೆ ನಿಂತಿದೆ. ಗ್ಯಾಸ್ಕೆಟ್ಟಿನ ತೀರ್ಮಾನ ಬ್ಲಾಕಿನ ಮುಖದ ಮೇಲೆ. ಬೆಲೆ ಆಮೇಲಿನ ಮಾತು.

ಬೋಲ್ಟು

ಹೆಡ್ ಬೋಲ್ಟ್ ಕೆಲಸ ಮಾಡುವುದೇ ಹಿಗ್ಗಿ. 100 ಮಿ.ಮೀ. ಉದ್ದದ ಬೋಲ್ಟನ್ನು ಸರಿಯಾಗಿ ಬಿಗಿದರೆ ಅದು ಸುಮಾರು ಕಾಲು ಮಿ.ಮೀ. ಉದ್ದವಾಗುತ್ತದೆ. ವಾಪಸ್ ಕುಗ್ಗಲು ನೋಡುವ ಆ ಎಳೆತವೇ ಹೆಡ್ಡನ್ನು ಅದುಮಿ ಹಿಡಿಯುವುದು. ಹಿಡಿಯಬೇಕಾದ ಭಾರವೂ ಸಣ್ಣದಲ್ಲ. 80 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಗಲ) ಇರುವ ಕಾಮನ್ ರೈಲ್ ಡೀಸೆಲ್ ಇಂಜಿನ್ನಿನಲ್ಲಿ 160 ಬಾರ್ ಒತ್ತಡ ಎದ್ದರೆ, ಒಂದೊಂದು ಸಿಲಿಂಡರೂ ಹೆಡ್ಡನ್ನು ಸುಮಾರು 8 ಟನ್ ಬಲದಿಂದ ಮೇಲಕ್ಕೆ ತಳ್ಳುತ್ತದೆ.

ಇದರಲ್ಲಿ ಎರಡು ಜಾತಿ. ಹಳೇ ಮಾದರಿ ಟ್ರ್ಯಾಕ್ಟರು, ಲಾರಿಗಳಲ್ಲಿ ಬರುವುದು ದಪ್ಪ ಬೋಲ್ಟು. ಅದಕ್ಕೆ ಬರೀ ಟಾರ್ಕ್, ಅಂದರೆ ತಿರುಗಿಸುವ ಬಲದ ಲೆಕ್ಕ. ಬಿಚ್ಚಿದರೆ ಮೊದಲಿನ ಉದ್ದಕ್ಕೇ ಬರುತ್ತದೆ. ಇನ್ನೊಂದು ಈಚಿನ ಕಾರು, ಪಿಕಪ್ಪುಗಳ ಸ್ಟ್ರೆಚ್ ಬೋಲ್ಟು. ಇದಕ್ಕೆ ಮೊದಲು ಸಣ್ಣ ಟಾರ್ಕ್, ಆಮೇಲೆ 90 ಡಿಗ್ರಿ, ಮತ್ತೆ 90 ಡಿಗ್ರಿ, ಹೀಗೆ ಕೋನದ ಲೆಕ್ಕ. ಲೋಹ ಶಾಶ್ವತವಾಗಿ ಹಿಗ್ಗಲು ಶುರುವಾಗುವ ಹಂತದವರೆಗೆ ಬೇಕಂತಲೇ ಎಳೆದು ನಿಲ್ಲಿಸುತ್ತಾರೆ. ಆಗ ಎಲ್ಲ ಬೋಲ್ಟುಗಳೂ ಹೆಚ್ಚುಕಡಿಮೆ ಒಂದೇ ಸಮ ಎಳೆಯುತ್ತವೆ. ಆದರೆ ಬಿಚ್ಚಿದ ಮೇಲೆ ಅದು ಸಡಿಲಾದ ಚಡ್ಡಿ ಎಲಾಸ್ಟಿಕ್ ಇದ್ದಂಗೆ.

ಸ್ಟ್ರೆಚ್ ಬೋಲ್ಟಿನಲ್ಲಿ ನನ್ನ ಮಾತು ನೇರ: ಹೊಸದು ಹಾಕಿ. ಕೆಲವು ಕಂಪನಿಗಳು ಗರಿಷ್ಠ ಉದ್ದ ಕೊಟ್ಟಿರುತ್ತವೆ, ಅದರೊಳಗಿದ್ದರೆ ಮತ್ತೆ ಬಳಸಬಹುದು ಅನ್ನುತ್ತವೆ. ಇನ್ನು ಕೆಲವು ಥ್ರೆಡ್ ಹತ್ತಿರದ ಅತಿ ಸಣ್ಣ ದಪ್ಪ ಅಳೆಯಲು ಹೇಳುತ್ತವೆ. ಮ್ಯಾನ್ಯುಯಲ್ ಕೈಯಲ್ಲಿದ್ದು ಅದೇ ಹೇಳಿದರೆ ಸರಿ. ಇಲ್ಲದಿದ್ದರೆ ಅಂದಾಜಿನ ಮೇಲೆ ಹಾಕುವ ಭಾಗ ಇದಲ್ಲ. ಒಂದು ಪಿಕಪ್ಪಿನ ಹಳೇ ಸ್ಟ್ರೆಚ್ ಬೋಲ್ಟುಗಳನ್ನು ಹೊಸ ಸೆಟ್ಟಿನ ಪಕ್ಕ ಗಾಜಿನ ಮೇಲೆ ತಲೆಕೆಳಗಾಗಿ ನಿಲ್ಲಿಸಿ ನೋಡಿದೆ. ಮಧ್ಯದ ಸಿಲಿಂಡರುಗಳ ಸುತ್ತಲಿನವು ಎದ್ದು ಕಾಣುವಷ್ಟು ಉದ್ದ ಆಗಿದ್ದವು, ತುದಿಯವು ಅಷ್ಟಾಗಿ ಆಗಿರಲಿಲ್ಲ. ಒಂದೇ ಸೆಟ್ಟಿನಲ್ಲೇ ಇಷ್ಟು ಹೆಚ್ಚುಕಮ್ಮಿ ಇದ್ದರೆ ಹೆಡ್ ಸಮವಾಗಿ ಹೇಗೆ ಕೂರಬೇಕು, ಅಲ್ವಾ?

ದಪ್ಪ ಬೋಲ್ಟಿನ ಕಥೆ ಬೇರೆ. ಅಲ್ಲಿ ಹಳೇದನ್ನು ಧೈರ್ಯವಾಗಿ ಹಾಕುತ್ತೇನೆ, ಆದರೆ ಪರೀಕ್ಷೆ ಪಾಸಾದರೆ ಮಾತ್ರ. ವೈರ್ ಬ್ರಷ್ ಹಾಕಿ ತೊಳೆದು, ಉದ್ದ ಅಳೆದು, ಗಾಜಿನ ಮೇಲೆ ಉರುಳಿಸಿ ಸೊಟ್ಟ ಇದೆಯಾ ನೋಡುತ್ತೇನೆ. ಆಮೇಲಿನದು ನನಗೆ ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ. ಹಳೇ ಬೋಲ್ಟಿನ ಥ್ರೆಡ್ಡಿಗೆ ಹೊಸ ಬೋಲ್ಟಿನ ಥ್ರೆಡ್ ಎದುರುಬದುರು ಕೂರಿಸಿ ಬೆಳಕಿಗೆ ಹಿಡಿಯಿರಿ. ಹಿಗ್ಗಿಲ್ಲದಿದ್ದರೆ ಹಲ್ಲಿಗೆ ಹಲ್ಲು ಕೂತು ಬೆಳಕು ತೂರುವುದಿಲ್ಲ. ಹಿಗ್ಗಿದ್ದರೆ ನಾಲ್ಕೈದು ಹಲ್ಲು ದಾಟುವುದರೊಳಗೆ ಸಣ್ಣ ಗೆರೆಯಂಥ ಬೆಳಕು ಕಾಣುತ್ತದೆ, ಮುಂದೆ ಹೋದಂತೆ ಅಗಲ ಆಗುತ್ತದೆ. ತುಕ್ಕು ಕೊರೆದ ಗುಳಿ, ಥ್ರೆಡ್ ಮೇಲೆ ಸೊಂಟ ಬಿದ್ದಂತೆ ತೆಳುವಾದ ಜಾಗ ಕಂಡರೂ ಗುಜರಿಗೆ.

ಇನ್ನೊಂದು ಹೋಲಿಕೆ ನಮ್ಮ ಕಡೆ ತುಂಬಾ ಬೇಕಾದದ್ದು. ಹಳೇ ಒರಿಜಿನಲ್ ಬೋಲ್ಟಾ, ತಲೆ ಮೇಲೆ ಯಾವ ಗುರುತೂ ಇಲ್ಲದ ಹೊಸ ಅಗ್ಗದ ಬೋಲ್ಟಾ? ನಾನು ಹಳೇದಕ್ಕೇ ಓಟು ಹಾಕುತ್ತೇನೆ. ತಲೆ ಮೇಲೆ 10.9 ಅಂತ ಇದ್ದರೆ ಸುಮಾರು 900 ಮೆಗಾಪಾಸ್ಕಲ್ ಎಳೆತದವರೆಗೆ ಅದು ಸೋಲುವುದಿಲ್ಲ ಅಂತ ಅರ್ಥ. ಗುರುತೇ ಇಲ್ಲದ ಬೋಲ್ಟಿಗೆ ಏನು ಅರ್ಥ? ಒಮ್ಮೆ ಟ್ರ್ಯಾಕ್ಟರಿನವರೇ ತಂದುಕೊಟ್ಟ ಅಂಥ ಸೆಟ್ಟನ್ನು ಮೂರು ಹಂತದಲ್ಲಿ ಬಿಗಿಯುತ್ತಿದ್ದೆ. ಎರಡು ಹಂತ ಚೆನ್ನಾಗಿಯೇ ಆಯಿತು. ಕೊನೇ ಹಂತದಲ್ಲಿ ಒಂದು ಬೋಲ್ಟು ಸುತ್ತುತ್ತಾ ಹೋಯಿತು, ನಿಗದಿತ ಬಲ ಬಂದಾಗ ಟಕ್ ಅನ್ನಬೇಕಾದ ಟಾರ್ಕ್ ರೆಂಚ್ ಅನ್ನಲೇ ಇಲ್ಲ. ಕೈಗೆ ಮೆತ್ತಗೆ ಅನಿಸತೊಡಗಿತು. ಆ ಮೆತ್ತನೆ ಗೊತ್ತಾದ ತಕ್ಷಣ ಕೈ ನಿಲ್ಲಿಸಬೇಕು. ತೆಗೆದು ನೋಡಿದರೆ ಸೊಂಟ ಬಿದ್ದಿತ್ತು. ಪರೀಕ್ಷೆ ಮಾಡಿದ ಹಳೇ ಸೆಟ್ಟನ್ನೇ ಹಾಕಿದೆ, ನಿಗದಿತ ಟಾರ್ಕಿಗೆ ಎಲ್ಲವೂ ಟಕ್ ಅಂದವು.

ಹಾಗಂತ 12.9 ಗುರುತಿನ ಅನ್‌ಬ್ರಾಕೊ ಬ್ರ್ಯಾಂಡಿನ ಬೋಲ್ಟು ಹಾಕಿದರೆ ಇನ್ನೂ ಗಟ್ಟಿ ಅನ್ನುವ ವಾದವೂ ಕೇಳುತ್ತೇನೆ. ಬೇಡ. ಅದೇ ಟಾರ್ಕಿಗೆ ಬಿಗಿದರೆ ಹಿಡಿತ ಜಾಸ್ತಿ ಆಗುವುದಿಲ್ಲ. ಕೋನದ ಲೆಕ್ಕದ ಇಂಜಿನ್ನಿಗೆ ಹಾಕಿದರೆ ಹಿಡಿತ ಮಿತಿ ಮೀರಿ ಅಲ್ಯೂಮಿನಿಯಂ ಬ್ಲಾಕಿನ ಥ್ರೆಡ್ಡನ್ನೇ ಕಿತ್ತುಕೊಂಡು ಬರಬಹುದು. ಕಂಪನಿ ಯಾವ ಗ್ರೇಡ್ ಕೊಟ್ಟಿದೆಯೋ ಅದೇ ಇರಲಿ. ರೇಸಿನವರು ಹಾಕುವ ಸ್ಟಡ್ಡು (ಬ್ಲಾಕಿಗೆ ಕೂರಿಸಿ ಮೇಲೆ ನಟ್ ಬಿಗಿಯುವ ಕಡ್ಡಿ) ಒಳ್ಳೆಯದೇ, ಆದರೆ ಗದ್ದೆ ಹೊಡೆಯುವ ಟ್ರ್ಯಾಕ್ಟರಿಗೆ ಅದರ ಖರ್ಚು ದಂಡ.

ಹಳೇದೋ ಹೊಸದೋ, ಎರಡಕ್ಕೂ ಒಂದು ಮಾತು ಸಮಾನ. ನೀವು ಹಾಕುವ ಟಾರ್ಕಿನಲ್ಲಿ ನೂರಕ್ಕೆ ಸುಮಾರು 90 ಭಾಗ ಬೋಲ್ಟಿನ ತಲೆ ಕೆಳಗಿನ, ಥ್ರೆಡ್ಡಿನ ತಿಕ್ಕಾಟಕ್ಕೇ ಹೋಗುತ್ತದೆ. ಹೆಡ್ ಹಿಡಿಯಲು ಉಳಿಯುವುದು ಹತ್ತು ಮಾತ್ರ. ಥ್ರೆಡ್ ಕೊಳೆಯಾಗಿದ್ದರೆ ರೆಂಚ್ ಟಕ್ ಅನ್ನುತ್ತದೆ, ಬೋಲ್ಟು ಹಿಗ್ಗಿರುವುದೇ ಇಲ್ಲ. ಅದಕ್ಕೇ ತೂತಿನಲ್ಲಿ ಟ್ಯಾಪ್ ಆಡಿಸಿ ಸ್ವಚ್ಛ ಮಾಡಬೇಕು. ಮ್ಯಾನ್ಯುಯಲ್ ಬೇರೆ ಹೇಳದಿದ್ದರೆ ಥ್ರೆಡ್ಡಿಗೂ ವಾಷರಿಗೂ ಇಂಜಿನ್ ಆಯಿಲ್ ತೆಳ್ಳಗೆ ಸವರಬೇಕು. ತಳ ಮುಚ್ಚಿದ ಕುರುಡು ತೂತಿನೊಳಗೆ ನೀರೋ ಆಯಿಲ್ಲೋ ನಿಂತಿದ್ದರೆ ಕಂಪ್ರೆಸರ್ ಗಾಳಿ ಬಿಟ್ಟು ಹಾರಿಸಲೇಬೇಕು. ಇಲ್ಲದಿದ್ದರೆ ಬೋಲ್ಟು ಪಿಸ್ಟನ್ನಿನ ಹಾಗೆ ಅದನ್ನು ಒತ್ತುತ್ತದೆ, ಬ್ಲಾಕೇ ಸೀಳಬಹುದು. ಬೋಲ್ಟಿನ ದುಡ್ಡು ಉಳಿಸಲು ಹೋಗಿ ಬ್ಲಾಕ್ ಕಳೆದುಕೊಂಡವರಿದ್ದಾರೆ.

ಗ್ಯಾಸ್ಕೆಟ್

ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಎರಡು. ಒಂದು ಕಾಂಪೊಸಿಟ್: ಮಧ್ಯೆ ಉಕ್ಕಿನ ಹಾಳೆ, ಎರಡೂ ಕಡೆ ಗ್ರಾಫೈಟ್ ಅಥವಾ ನಾರಿನ ಪದರ, ಬೋರಿನ ಸುತ್ತ ಉಕ್ಕಿನ ಉಂಗುರ. ಇನ್ನೊಂದು ಹಲವು ಪದರದ ಸ್ಟೀಲ್, ಎಂಎಲ್‌ಎಸ್ ಅನ್ನುತ್ತಾರೆ. ತೆಳು ಸ್ಪ್ರಿಂಗ್ ಸ್ಟೀಲ್ ಹಾಳೆಗಳು, ಬೋರಿನ ಸುತ್ತ ಉಬ್ಬು ಗೆರೆ, ಮೇಲೆ ತೆಳ್ಳನೆ ರಬ್ಬರ್ ಲೇಪ. ಹಳೇ ತಾಮ್ರ-ಆಸ್‌ಬೆಸ್ಟಾಸ್ ಪ್ಯಾಕಿಂಗ್ ಎಲ್ಲೋ ಮೂಲೆಯಲ್ಲಿ ಸಿಕ್ಕರೂ ಹಾಕಬೇಡಿ. ಬಿಚ್ಚುವ ಇಂಜಿನ್ನಿನಲ್ಲಿ ಅದು ಇದ್ದರೆ ಒಣಗಿದ್ದಾಗ ಕೆರೆಯಬೇಡಿ. ಒದ್ದೆ ಮಾಡಿಕೊಂಡು ತೆಗೆಯಿರಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಗುಣ ನೋಡಿದರೆ ಎಂಎಲ್‌ಎಸ್ ಮೇಲು, ಅನುಮಾನವಿಲ್ಲ. ಅಲ್ಯೂಮಿನಿಯಂ ಹೆಡ್ಡು ಕಾದಾಗ ಕಬ್ಬಿಣದ ಬ್ಲಾಕಿನ ಎರಡು ಪಟ್ಟು ಹಿಗ್ಗುತ್ತದೆ. ಅಂದರೆ ಪ್ರತಿ ಸಲ ಬಿಸಿಯಾದಾಗ, ತಣ್ಣಗಾದಾಗ ಹೆಡ್ಡು ಗ್ಯಾಸ್ಕೆಟ್ ಮೇಲೆ ಉಜ್ಜುತ್ತದೆ. ಕಾಂಪೊಸಿಟ್ ಅದರಲ್ಲಿ ನಿಧಾನಕ್ಕೆ ಹರಿಯುತ್ತದೆ. ಎಂಎಲ್‌ಎಸ್ ಜಾರಿಕೊಂಡು ತಡೆಯುತ್ತದೆ, ಉಬ್ಬು ಗೆರೆ ಸ್ಪ್ರಿಂಗಿನಂತೆ ಒತ್ತಿಕೊಂಡೇ ಇರುತ್ತದೆ.

ಆದರೆ ಅದಕ್ಕೆ ಕನ್ನಡಿಯಂಥ ಮುಖ ಬೇಕು. ಮೇಲ್ಮೈ ಒರಟು ಸುಮಾರು 0.8 ಮೈಕ್ರಾನ್ ಒಳಗಿರಬೇಕು. ಕಾಂಪೊಸಿಟ್ ಅದರ ಎರಡು ಪಟ್ಟು ಒರಟನ್ನೂ ಸಹಿಸುತ್ತದೆ, ಮೆತ್ತನೆ ಪದರ ಗೀರುಗಳೊಳಗೆ ತುಂಬಿಕೊಳ್ಳುತ್ತದೆ. ಹೆಡ್ಡನ್ನೇನೋ ಫೇಸಿಂಗಿಗೆ, ಅಂದರೆ ಮಿಷಿನ್ನಿನಲ್ಲಿ ಮುಖ ಸಮ ಮಾಡಿಸಲು ಕಳಿಸಬಹುದು. ಬ್ಲಾಕ್? ಟ್ರ್ಯಾಕ್ಟರಿನಲ್ಲಿ ಇಂಜಿನ್ ಬ್ಲಾಕೇ ಚಾಸಿಯ ಭಾಗ. ಅದನ್ನು ಕಳಚಿ ಮಿಷಿನ್‌ಗೆ ಒಯ್ಯುವುದು ಅಂದರೆ ಗಾಡಿಯನ್ನೇ ಎರಡು ಹೋಳು ಮಾಡಿದ ಹಾಗೆ. ಸೀಸನ್ನಿನಲ್ಲಿ ಯಾರು ಒಪ್ಪುತ್ತಾರೆ? ಅದಕ್ಕೇ ನಮ್ಮ ಟ್ರ್ಯಾಕ್ಟರುಗಳಿಗೆ ನಾನು ಕಾಂಪೊಸಿಟ್ಟನ್ನೇ ಹಾಕುವುದು. ಅಗ್ಗ ಅಂತಲ್ಲ, ಅಲ್ಲಿ ಅದೇ ಚೆನ್ನಾಗಿ ಕೂರುತ್ತದೆ.

ಬೇರೆ ಕಡೆ ಎಂಎಲ್‌ಎಸ್ ಹಾಕಿಸಿಕೊಂಡಿದ್ದ ಒಂದು ಪಿಕಪ್ ಮೂಲೆಯಲ್ಲಿ ಕೂಲಂಟ್ ಜಿನುಗಿಸುತ್ತಾ ಬಂತು. ಗ್ಯಾಸ್ಕೆಟ್ ದುಬಾರಿ ಬ್ರ್ಯಾಂಡಿನದೇ. ಬಿಚ್ಚಿದಾಗ ನೀರಿನ ತೂತಿನಿಂದ ಅಂಚಿನವರೆಗೆ ಸ್ಟೀಲ್ ಮೇಲೆ ಕೂದಲೆಳೆಯಂಥ ತುಕ್ಕಿನ ಗೆರೆ ಇತ್ತು. ಬ್ಲಾಕಿನ ಮೇಲೆ ಅದೇ ಜಾಗದಲ್ಲಿ ಉಗುರು ಆಡಿಸಿದರೆ ಸಿಕ್ಕಿಕೊಳ್ಳುವಂಥ ಗೀರು, ಸ್ಕ್ರೇಪರಿನದು. ಆ ಇಂಜಿನ್ ಹೊರಗಿಳಿಸಿ ಬ್ಲಾಕ್ ಮುಖ ಮಿಷಿನ್ ಮಾಡಿಸಿ, ಇನ್ನೊಂದು ಎಂಎಲ್‌ಎಸ್ ಹಾಕಿದ ಮೇಲೆ ಒಣಗಿಯೇ ಇದೆ. ಉಗುರು ಸಿಕ್ಕಿಕೊಂಡರೆ ಎಂಎಲ್‌ಎಸ್ ಬೇಡ, ಇಷ್ಟೇ ನನ್ನ ಅಳತೆ. ಸ್ಟ್ರೈಟ್ ಎಡ್ಜ್ ಇಟ್ಟು ಕೆಳಗೆ 0.05 ಮಿ.ಮೀ. ಫೀಲರ್ (ಸಂದು ಅಳೆಯುವ ತೆಳು ಪಟ್ಟಿ) ಹೋಗುತ್ತದಾ ಅಂತಲೂ ನೋಡುತ್ತೇನೆ. ಹೋಯಿತು ಅಂದರೆ ಮ್ಯಾನ್ಯುಯಲ್ ತೆಗೆದು ಮಿತಿ ನೋಡಬೇಕು.

ಕೆರೆಯುವಾಗ ಗ್ರೈಂಡರಿಗೆ ಎಮರಿ ಡಿಸ್ಕ್ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮುಖ ಗುಳಿ ಬೀಳುತ್ತದೆ, ಆ ಪುಡಿ ಆಯಿಲ್ ದಾರಿಗೆ ಇಳಿದು ಬೇರಿಂಗ್ ತಿನ್ನುತ್ತದೆ.

ದಪ್ಪದ ವಿಷಯ ಡೀಸೆಲ್ಲಿನಲ್ಲಿ ಮರೆಯಬಾರದು. ಎಷ್ಟೋ ಇಂಜಿನ್ನುಗಳಿಗೆ ಒಂದೇ ಗ್ಯಾಸ್ಕೆಟ್ ಎರಡು ಮೂರು ದಪ್ಪದಲ್ಲಿ ಬರುತ್ತದೆ, ಅಂಚಿನಲ್ಲಿ ಒಂದು, ಎರಡು, ಮೂರು ತೂತೋ ಕಚ್ಚೋ ಇರುತ್ತದೆ. ಡಯಲ್ ಗೇಜಿಟ್ಟು ಪಿಸ್ಟನ್ ಬ್ಲಾಕಿಗಿಂತ ಎಷ್ಟು ಮೇಲೆ ಬರುತ್ತದೆ ಅಂತ ಅಳೆದು ಆರಿಸಬೇಕು. ಅಳೆಯಲು ಆಗದಿದ್ದರೆ, ಪಿಸ್ಟನ್ನು ಬ್ಲಾಕು ಬದಲಾಗಿಲ್ಲದಿದ್ದರೆ, ಹಳೇದರಲ್ಲಿ ಎಷ್ಟು ತೂತಿತ್ತೋ ಅಷ್ಟೇ ತೂತಿನದು ತರಿಸಿ. ವೆಟ್ ಲೈನರ್ ಇಂಜಿನ್ನಿನಲ್ಲಿ ಲೈನರ್ (ಸುತ್ತ ನೀರು ತಾಗುವ, ಬಿಚ್ಚಿ ಹಾಕುವ ಸಿಲಿಂಡರ್ ಕೊಳವೆ) ಬ್ಲಾಕಿಗಿಂತ ಎಷ್ಟು ಎದ್ದಿದೆ ಅನ್ನುವುದೂ ಮುಖ್ಯ. ಒಂದು ಲೈನರ್ ತಗ್ಗಿ ಕೂತಿದ್ದರೆ ಯಾವ ಕಂಪನಿಯ ಗ್ಯಾಸ್ಕೆಟ್ಟೂ ಅಲ್ಲಿ ಹಿಡಿಯುವುದಿಲ್ಲ.

ಸಿಲಿಕಾನ್, ಅಲ್ಯೂಮಿನಿಯಂ ಪೇಂಟ್ ಬಳಿಯುವ ಅಭ್ಯಾಸ ಇನ್ನೂ ಇದೆ. ಎಂಎಲ್‌ಎಸ್‌ಗೆ ಏನೂ ಬಳಿಯಬೇಡಿ, ಅದರ ಲೇಪವೇ ಅದಕ್ಕೆ ಸಾಕು. ಒಮ್ಮೆ ಬಿಗಿದ ಗ್ಯಾಸ್ಕೆಟ್ ಯಾವ ಜಾತಿಯದೇ ಆಗಲಿ, ಮತ್ತೆ ಹಾಕುವ ಮಾತೇ ಇಲ್ಲ.

ಬಿಗಿದ ಮೇಲೂ ಇಬ್ಬರ ದಾರಿ ಬೇರೆ. ದಪ್ಪ ಬೋಲ್ಟು, ಕಾಂಪೊಸಿಟ್ ಇದ್ದ ಹಳೇ ಇಂಜಿನ್ನುಗಳಿಗೆ ಬಿಸಿ ಮಾಡಿ, ಮ್ಯಾನ್ಯುಯಲ್ ಹೇಳಿದಂತೆ ಮತ್ತೊಮ್ಮೆ ಟಾರ್ಕ್ ನೋಡಬೇಕಾಗುತ್ತದೆ, ಏಕೆಂದರೆ ಮೆತ್ತನೆ ಪದರ ಸ್ವಲ್ಪ ಕೂರುತ್ತದೆ. ಗದ್ದೆ ಕೆಲಸ ನಡೆದಿರುವಾಗ ರೈತರು ಇದಕ್ಕೆ ಗಾಡಿ ವಾಪಸ್ ತರುವುದಿಲ್ಲ, ಹೊಲಕ್ಕೇ ರೆಂಚ್ ಒಯ್ಯುತ್ತೇನೆ. ಸ್ಟ್ರೆಚ್ ಬೋಲ್ಟು, ಎಂಎಲ್‌ಎಸ್ ಜೋಡಿಗೆ ಅದು ಬೇಕಾಗಿಲ್ಲ, ಮಾಡಲೂಬಾರದು. ನೀರಿನ ವಿಷಯದಲ್ಲಿ ಮಾತ್ರ ಎರಡಕ್ಕೂ ಒಂದೇ ಹೇಳುತ್ತೇನೆ: ಕೂಲಂಟ್ ಹಾಕಿ. ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರು ತುರ್ತಿಗೆ ನಡೆಯುತ್ತದೆ, ಬೋರ್ ನೀರು ಅದಕ್ಕೂ ಬೇಡ.